ಕಗ್ಗ ಭತ್ತ, ಕೊಟ್ಟೆ ಕಟ್ಟಿದ ಕೊನೆ, 10 ಎಚ್‌ಪಿ ದೋಣಿ: ಜ್ಞಾನದ ಗ್ರಾಫ್‌ನಲ್ಲಿ ಅಪವಾದ ಬರೆಯಲು ಯಾವ ದಾರಿ?

ಉಪ್ಪುನೀರು ನಿಂತರೆ ಭತ್ತ ಹಾಳು. ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಸಮುದ್ರ ಸೇರುವ ಕಡೆ, ಮಾಣಿಕಟ್ಟಾ ಸುತ್ತಿನ ಗಜನಿ ಗದ್ದೆಗಳಲ್ಲಿ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ) ಕಗ್ಗ ಎನ್ನುವ ಭತ್ತವಿದೆ. ಉಪ್ಪು ಸೇರಿದ ನೀರಿನಲ್ಲೂ ಅದು ಏಳುತ್ತದೆ, ನೆರೆಗೆ ಕೆಲ ದಿನ ಮುಳುಗಿದರೂ ತಾಳಿಕೊಳ್ಳುತ್ತದೆ. ಭತ್ತವೂ ಹೌದು, ಭತ್ತದ ನಿಯಮಕ್ಕೆ ಸಿಕ್ಕದ್ದೂ ಹೌದು.

ನಾವು ಮೂರ್ನಾಲ್ಕು ಜನ ಶಿರಸಿಯಲ್ಲಿ ಕೂತು ಜಿಲ್ಲೆಯ ಬೆಳೆ ಮತ್ತು ಮೀನುಗಾರಿಕೆಯ ತಿಳಿವಳಿಕೆಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆಯಲು ಹೊರಟಾಗ ಮೊದಲು ಎಡವಿದ್ದು ಇಲ್ಲೇ. ಮೊದಲ ಆವೃತ್ತಿಯನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಗಜನಿಯ ಒಡ್ಡಿನ ಮೇಲೆ ನಿಂತಿದ್ದೆವು. ಅಂದು ಬಂದ ಉತ್ತರ: ‘ಬೆಳೆ ಹಾಳಾಗಿದೆ’. ಎದುರಿಗೆ ಎದೆಮಟ್ಟದ ಕಗ್ಗ ಗಾಳಿಗೆ ತೂಗುತ್ತಿತ್ತು. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ಬಗ್ಗಿ, ಒಡ್ಡಿನ ಒಳಬದಿಯ ನೀರಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ‘ಉಪ್ಪು ಇಳದದೆ, ಇನ್ನೇನೂ ಆಗೂದಿಲ್ಲ’ ಅಂದರು. ಅವರು ತಳಿಯ ಹೆಸರು ಹೇಳಲಿಲ್ಲ. ಮಳೆ ನೀರು ಬಿದ್ದು ಉಪ್ಪು ತೆಳುವಾಗಿದೆಯೇ ಎಂದು ನೋಡಿದರು, ಅಷ್ಟೇ. ಅಂದರೆ ಕಗ್ಗ ತಾಳುತ್ತದೆ ಎನ್ನುವ ಅಪವಾದಕ್ಕೂ ಒಂದು ಮಿತಿಯಿದೆ, ಆ ಮಿತಿ ಅವರ ನಾಲಿಗೆಗೆ ಗೊತ್ತು. ನಮ್ಮ ಗ್ರಾಫ್‌ಗೆ ನಿಯಮವೂ ಸರಿಯಾಗಿ ಗೊತ್ತಿರಲಿಲ್ಲ, ಅಪವಾದವೂ ಗೊತ್ತಿರಲಿಲ್ಲ.

ಕಾನ್ಸೆಪ್ಚುವಲ್ ಗ್ರಾಫ್ ಬಳಸಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ, ಅಪವಾದ ಬರೆಯಲು ಇರುವ ದಾರಿಗಳಲ್ಲಿ ಯಾವುದು ಎಲ್ಲಿಗೆ ಸರಿ ಎಂದು ಹೇಳುವುದು ಈ ಬರಹದ ಉದ್ದೇಶ. ನನ್ನ ಮಟ್ಟಿಗೆ ಆಯ್ಕೆಯನ್ನು ತೀರ್ಮಾನಿಸುವುದು ಒಂದೇ ಪ್ರಶ್ನೆ: ಅಪವಾದ ಇದೆಯೋ ಇಲ್ಲವೋ ಗೊತ್ತಿಲ್ಲದಾಗ ವ್ಯವಸ್ಥೆ ಯಾವ ಕಡೆ ವಾಲಬೇಕು? ಬರೆಯುವ ಸೊಗಸು, ಓಡುವ ವೇಗ, ಸಿಗುವ ಸಾಫ್ಟ್‌ವೇರ್ ಎಲ್ಲ ಆಮೇಲಿನ ಮಾತು.

ಮೊದಲು ಗ್ರಾಫ್ ಎಂದರೇನು ಎಂದು ನಾಲ್ಕು ಮಾತು

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಸೋವಾ 1976ರಲ್ಲಿ ಐಬಿಎಂನ ಸಂಶೋಧನಾ ಪತ್ರಿಕೆಯಲ್ಲಿ ಇದನ್ನು ಮುಂದಿಟ್ಟರು, 1984ರ ಪುಸ್ತಕದಲ್ಲಿ ವಿಸ್ತರಿಸಿದರು. ಚೌಕದಲ್ಲಿ ಪರಿಕಲ್ಪನೆ, ದುಂಡಗೆ ಸಂಬಂಧ. ಸಾಲಿನಲ್ಲಿ ಬರೆದರೆ ಹೀಗೆ:

[ಭತ್ತ: *x] → (ನಿಂತ ನೀರು) → [ಉಪ್ಪುನೀರು]

‘ಉಪ್ಪುನೀರಿನಲ್ಲಿ ನಿಂತ ಒಂದು ಭತ್ತವಿದೆ’ ಎಂದು ಇದರ ಅರ್ಥ. *x ಎಂಬುದು ಆ ಭತ್ತಕ್ಕೆ ಇಟ್ಟ ಗುರುತು, ಮುಂದೆ ?x ಎಂದು ಬಂದರೆ ಅದೇ ಭತ್ತ. ಚೌಕದಲ್ಲಿ ಬೇರೇನೂ ಹೇಳದಿದ್ದರೆ ‘ಒಂದು ಇದೆ’ ಎಂದೇ ಓದಬೇಕು. ಜೊತೆಗೆ ಪರಿಕಲ್ಪನೆಗಳ ಜಾತಿಗಳನ್ನು ಮೇಲು ಕೆಳಗಾಗಿ ಜೋಡಿಸಿದ ಒಂದು ಏಣಿ ಇರುತ್ತದೆ: ಕಗ್ಗ ಎಂಬುದು ಭತ್ತದ ಕೆಳಗೆ, ಭತ್ತ ಬೆಳೆಯ ಕೆಳಗೆ. ಪ್ರಶ್ನೆ ಕೇಳುವುದೆಂದರೆ ಪ್ರಶ್ನೆಯ ಗ್ರಾಫನ್ನು ಮಾಹಿತಿಯ ಗ್ರಾಫಿನ ಮೇಲಿಟ್ಟು ಹೊಂದಿಸಿ ನೋಡುವುದು. ಭತ್ತದ ಬಗ್ಗೆ ಕೇಳಿದ ಪ್ರಶ್ನೆ ಕಗ್ಗದ ಚೌಕದ ಮೇಲೂ ಕೂರುತ್ತದೆ, ಏಕೆಂದರೆ ಕಗ್ಗ ಭತ್ತವೇ. ಇದಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಫ್ರಾನ್ಸಿನ ಶೈನ್ ಮತ್ತು ಮುನ್ಯೆ 1990ರ ದಶಕದಲ್ಲಿ ಇದರ ಗಣಿತವನ್ನು ಭದ್ರ ಮಾಡಿಕೊಟ್ಟರು.

ನಾವು ಗ್ರಾಫ್ ಹಿಡಿದದ್ದು ಬೇರೆ ಕಾರಣಕ್ಕೆ. ಕಾಗದದ ಮೇಲೆ ಬರೆದು ತೋರಿಸಿದರೆ ತೋಟದವರು, ದೋಣಿಯವರು ಬೆರಳಿಟ್ಟು ‘ಇದು ತಪ್ಪು’ ಎನ್ನಬಲ್ಲರು. ತರ್ಕದ ಸೂತ್ರ ಬರೆದು ತೋರಿಸಿದರೆ ಯಾರೂ ಮಾತಾಡುವುದಿಲ್ಲ.

ತೊಂದರೆ ಇರುವುದು ಇದರ ಹಿಂದಿನ ತರ್ಕದಲ್ಲಿ. ಅಲ್ಲಿ ಹೊಸ ಮಾಹಿತಿ ಸೇರಿದಷ್ಟೂ ತೀರ್ಮಾನಗಳು ಹೆಚ್ಚುತ್ತವೆ, ಒಮ್ಮೆ ಬಂದ ತೀರ್ಮಾನ ಹಿಂದೆ ಹೋಗುವುದೇ ಇಲ್ಲ. ಮನುಷ್ಯರು ಹಾಗೆ ಯೋಚಿಸುವುದಿಲ್ಲ. ‘ಭತ್ತ ಹಾಳು’ ಎಂದು ಹೇಳಿ, ‘ಓ, ಕಗ್ಗವೋ? ಹಾಗಿದ್ದರೆ ಇಲ್ಲ’ ಎಂದು ಹಿಂತೆಗೆದುಕೊಳ್ಳುತ್ತೇವೆ. ಈ ಹಿಂತೆಗೆತವನ್ನು ಎಲ್ಲಿ, ಹೇಗೆ ಬರೆಯುವುದು ಎಂಬುದರಲ್ಲೇ ಕೆಳಗಿನ ದಾರಿಗಳು ಒಂದಕ್ಕೊಂದು ಬೇರೆಯಾಗುವುದು.

ಏಣಿಯನ್ನೇ ಒಡೆಯುವುದು

ಸುಲಭದ ದಾರಿ ಇದು. ಭತ್ತದ ಕೆಳಗೆ ‘ಸಿಹಿನೀರಿನ ಭತ್ತ’, ‘ಉಪ್ಪು ತಾಳುವ ಭತ್ತ’ ಎಂದು ಎರಡು ಜಾತಿ ಮಾಡಿ, ಹಾಳಾಗುವ ನಿಯಮವನ್ನು ಮೊದಲನೆಯದಕ್ಕೆ ಮಾತ್ರ ಕಟ್ಟುವುದು. ಅಪವಾದ ಎಂಬುದೇ ಉಳಿಯುವುದಿಲ್ಲ, ತರ್ಕ ಹಳೆಯದೇ ಸಾಕು, ಪ್ರೊಜೆಕ್ಷನ್ ಬಿಟ್ಟು ಬೇರೇನೂ ಬೇಡ.

ವ್ಯತ್ಯಾಸ ವಸ್ತುವಿನ ಹುಟ್ಟುಗುಣವಾಗಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಕಗ್ಗ ಇಂದು ಕಗ್ಗ, ನಾಳೆಯೂ ಕಗ್ಗ. ಆದರೆ ಕೊಟ್ಟೆ (ಮಳೆ ತಾಗದಂತೆ ಹಾಕುವ ಹೊದಿಕೆ) ಕಟ್ಟಿದ ಅಡಿಕೆ ಕೊನೆ ನಾಳೆ ಕೊಟ್ಟೆ ಹರಿದ ಕೊನೆಯಾಗಬಹುದು. ಸ್ಥಿತಿಯನ್ನು ಜಾತಿಯೆಂದು ಬರೆದರೆ ವಸ್ತು ದಿನಕ್ಕೊಂದು ಜಾತಿ ಬದಲಿಸಬೇಕಾಗುತ್ತದೆ. ಇನ್ನೊಂದು ಪೆಟ್ಟು ಲೆಕ್ಕದ್ದು: ಒಂದಕ್ಕೊಂದು ಸಂಬಂಧವಿಲ್ಲದ 5 ಅಪವಾದಗಳಿದ್ದರೆ ಅವುಗಳ ಕೂಡಿಕೆಗೆ 32 ಜಾತಿ ಬೇಕು. ಮೂರನೆಯದಕ್ಕೇ ನಾವು ಕೈಬಿಟ್ಟೆವು.

ಗೊತ್ತಿಲ್ಲದಾಗ ಏನು? ತಳಿ ಯಾವುದೆಂದು ತಿಳಿಯದ ಭತ್ತ ಎರಡೂ ಕವಲಿಗೆ ಸೇರುವುದಿಲ್ಲ, ವ್ಯವಸ್ಥೆ ಬಾಯಿ ಮುಚ್ಚಿಕೊಂಡಿರುತ್ತದೆ.

ನಿಷೇಧದ ಚೌಕದೊಳಗೆ ಅಪವಾದ

ಸೋವಾ ತಮ್ಮ ಗ್ರಾಫ್‌ಗಳಲ್ಲಿ ನಿಷೇಧವನ್ನು, ಅಂದರೆ ‘ಇಲ್ಲ’, ‘ಅಲ್ಲ’ ಎಂಬುದನ್ನು, ಬರೆಯುವ ರೀತಿಯನ್ನು ಚಾರ್ಲ್ಸ್ ಸ್ಯಾಂಡರ್ಸ್ ಪರ್ಸ್ ಎಂಬ ಅಮೆರಿಕದ ತತ್ತ್ವಜ್ಞಾನಿಯಿಂದ ಪಡೆದರು. 19ನೆಯ ಶತಮಾನದ ಕೊನೆಗೆ ಪರ್ಸ್ ತರ್ಕವನ್ನೇ ಚಿತ್ರವಾಗಿ ಬರೆದಿದ್ದರು. ಒಂದು ಗೆರೆ ಸುತ್ತಿದರೆ ಅದರೊಳಗಿನದು ಸುಳ್ಳು. ಸಾಲಿನಲ್ಲಿ ಬರೆಯುವಾಗ ಆ ಸುತ್ತಿಗೆ ¬[ ] ಎಂಬ ಗುರುತು. ‘ಹೀಗಿದ್ದರೆ ಹಾಗೆ’ ಎಂಬ ನಿಯಮ ಎಂದರೆ ಸುತ್ತಿನೊಳಗೆ ಸುತ್ತು. ನಮ್ಮ ನಿಯಮ ಹೀಗಾಗುತ್ತದೆ:

¬[ [ಭತ್ತ: *x] → (ನಿಂತ ನೀರು) → [ಉಪ್ಪುನೀರು]
 ¬[ [ಕಗ್ಗ: ?x] ]
 ¬[ [ಬೆಳೆ: ?x] → (ಸ್ಥಿತಿ) → [ಹಾಳು] ] ]

ಇದನ್ನು ನಿಧಾನವಾಗಿ ಓದಿ. ಉಪ್ಪುನೀರಿನಲ್ಲಿ ನಿಂತಿದ್ದೂ ಕಗ್ಗವಲ್ಲದೆ, ಹಾಳೂ ಆಗದೆ ಇರುವ ಭತ್ತ ಇಲ್ಲ ಎನ್ನುತ್ತದೆ. ತಿರುಗಿಸಿದರೆ: ಉಪ್ಪುನೀರಿನ ಭತ್ತ ಒಂದೋ ಕಗ್ಗ, ಇಲ್ಲವೇ ಹಾಳು. ಬರೆದವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ‘ಸಾಮಾನ್ಯವಾಗಿ ಹಾಳು’ ಎಂದು. ಚಿತ್ರ ಹೇಳುವುದು ‘ಎರಡರಲ್ಲಿ ಒಂದು’ ಎಂದು. ತಳಿ ಕಗ್ಗವಲ್ಲ ಎಂದು ಯಾರಾದರೂ ಸಾಬೀತು ಮಾಡುವ ತನಕ ಹಾಳು ಎಂಬ ತೀರ್ಮಾನ ಹೊರಡುವುದಿಲ್ಲ. ಅಷ್ಟು ವಿವರ ನಮೂದಿಸುವ ರೈತರು ಯಾರಿದ್ದಾರೆ?

ಪರ್ಸ್‌ನ ನಿಯಮಗಳಲ್ಲಿ ಇನ್ನೊಂದು ಮಾತು ಅಡಗಿದೆ, ನನಗೆ ಅದು ತಿಳಿದದ್ದು ತಡವಾಗಿ. ಬೆಸ ಸಂಖ್ಯೆಯ ಸುತ್ತುಗಳೊಳಗೆ ಏನನ್ನು ಬೇಕಾದರೂ ಸೇರಿಸಬಹುದು, ಸಮ ಸಂಖ್ಯೆಯ ಸುತ್ತುಗಳಲ್ಲಿ ಏನನ್ನು ಬೇಕಾದರೂ ಅಳಿಸಬಹುದು, ಸತ್ಯ ಕೆಡುವುದಿಲ್ಲ. ಮೇಲಿನ ಚಿತ್ರದಲ್ಲಿ ¬[ಕಗ್ಗ] ಕೂತಿರುವ ಜಾಗ ಒಂದು ಸುತ್ತಿನೊಳಗೆ, ಅಂದರೆ ಬೆಸ. ಹಾಗಾಗಿ ಅಪವಾದ ಸೇರಿದ ನಿಯಮ ಅಪವಾದವಿಲ್ಲದ ಹಳೆಯ ನಿಯಮದಿಂದಲೇ ಹುಟ್ಟುತ್ತದೆ. ಹಳೆಯದು ಬಲವಾದದ್ದು, ಹೊಸದು ಅದರ ಸಪ್ಪೆ ರೂಪ. ಹಳೆಯ ನಿಯಮವನ್ನು ಇದ್ದಲ್ಲೇ ಬಿಟ್ಟು ಪಕ್ಕಕ್ಕೆ ಅಪವಾದದ ಗ್ರಾಫ್ ಬರೆದರೆ ಏನೂ ಆಗದು. ಕಗ್ಗ ಹಾಳಾಗುವುದಿಲ್ಲ ಎಂದೂ ಬರೆದಿದ್ದರೆ ಇನ್ನೂ ಕೆಟ್ಟದು: ವಿರೋಧ ಹುಟ್ಟುತ್ತದೆ, ವಿರೋಧದಿಂದ ಏನು ಬೇಕಾದರೂ ಹೊರಡುತ್ತದೆ. ಹಳೆಯದನ್ನು ಹುಡುಕಿ ತೆಗೆಯಲೇಬೇಕು. ನೂರಾರು ನಿಯಮಗಳ ನಡುವೆ, ಬರೆದವರು ಬೇರೆಯವರಾಗಿದ್ದಾಗ, ಈ ಕೆಲಸ ಎಷ್ಟು ಸಲ ತಪ್ಪಿಹೋಗುತ್ತದೆ ಎಂಬುದು ಮಾಡಿದವರಿಗೆ ಗೊತ್ತು.

ಹಾಗಾದರೆ ಈ ದಾರಿ ಯಾರಿಗೆ? ಕಾನೂನಿಗೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಸಾಂಪ್ರದಾಯಿಕ ನಾಡದೋಣಿಗೆ, 10 ಎಚ್‌ಪಿವರೆಗಿನ ಎಂಜಿನ್ ಕೂರಿಸಿದ್ದರೂ, ವಿನಾಯಿತಿ ಉಂಟು. ಇಲ್ಲಿ ಅಪವಾದಗಳ ಪಟ್ಟಿ ಆದೇಶದಲ್ಲೇ ಮುಗಿದಿದೆ. ಕಾರವಾರದ ಬೈತಖೋಲ ಬಂದರಿನಲ್ಲಿ ಯಾರೂ ‘ಸಾಮಾನ್ಯವಾಗಿ ಹೋಗಬಾರದು’ ಎನ್ನುವುದಿಲ್ಲ. ಪಟ್ಟಿಯಲ್ಲಿದ್ದರೆ ಹೋಗಬಹುದು, ಇಲ್ಲದಿದ್ದರೆ ಇಲ್ಲ. ಅಪವಾದಗಳನ್ನೆಲ್ಲ ಎಣಿಸಿ ಮುಗಿಸಬಹುದಾದ ಕಡೆ, ಪ್ರತಿ ದೋಣಿಯ ಎಂಜಿನ್ ಶಕ್ತಿ ದಾಖಲೆಯಲ್ಲಿರುವ ಕಡೆ, ನಿಷೇಧದ ಚೌಕವೇ ಸರಿ. ‘ನಾಡದೋಣಿ’ ಎಂಬುದನ್ನು ಎಂಜಿನ್ ಶಕ್ತಿಯ ಮಿತಿಯೊಂದಿಗೆ ಜಾತಿಯ ವ್ಯಾಖ್ಯೆಯಾಗಿ ಬರೆದು, ನಿಷೇಧದ ನಿಯಮವನ್ನು ಉಳಿದ ಯಾಂತ್ರಿಕ ದೋಣಿಗಳಿಗೆ ಕಟ್ಟಿದೆವು. ಎಂಜಿನ್ ವಿವರ ಇಲ್ಲದ ದೋಣಿ ಬಂದರೆ ಉತ್ತರ ಕೊಡದೆ ವಿವರ ಕೇಳುತ್ತದೆ. ಇಲ್ಲಿ ಬಾಯಿ ಮುಚ್ಚಿಕೊಂಡಿರುವುದು ದೋಷವಲ್ಲ, ಬೇಕಾದ ಗುಣ.

ಸೋವಾ ಅವರದೇ ಉತ್ತರ: ಸ್ಕೀಮಾ

1984ರ ಪುಸ್ತಕದಲ್ಲಿ ಸೋವಾ ವ್ಯಾಖ್ಯೆಯನ್ನೂ ವಾಡಿಕೆಯನ್ನೂ ಬೇರೆ ಮಾಡಿದ್ದರು. ವ್ಯಾಖ್ಯೆ ತಪ್ಪುವಂತಿಲ್ಲ. ಸ್ಕೀಮಾ ಎಂದರೆ ಒಂದು ಪರಿಕಲ್ಪನೆ ಸಾಮಾನ್ಯವಾಗಿ ಯಾವ ಸನ್ನಿವೇಶದಲ್ಲಿ ಕಾಣುತ್ತದೆ ಎಂಬ ಗ್ರಾಫ್, ಒಂದೇ ಜಾತಿಗೆ ಹಲವು ಇರಬಹುದು. ಪ್ರೊಟೊಟೈಪ್ ಎಂದರೆ ಮಾದರಿ ವ್ಯಕ್ತಿ, ಬೇರೆ ಹೇಳದಿದ್ದರೆ ಇಷ್ಟೆಂದು ತುಂಬಿಕೊಳ್ಳುವ ಮೌಲ್ಯಗಳೊಂದಿಗೆ.

ಓದಲು ಇದು ತುಂಬ ಹತ್ತಿರವಾಗುತ್ತದೆ. ಗಜನಿಯ ಸ್ಕೀಮಾ ಬರೆಯಿರಿ ಎಂದರೆ ಊರವರೇ ಹೇಳಿಕೊಡುತ್ತಾರೆ: ಮಳೆಗಾಲದಲ್ಲಿ ಭತ್ತ, ಆಮೇಲೆ ಒಡ್ಡಿನ ಬಾಗಿಲು ತೆಗೆದು ಉಪ್ಪುನೀರು ಬಿಟ್ಟು ಸಿಗಡಿ. ಪಠ್ಯ ಓದಿ ಅರ್ಥ ಮಾಡಿಕೊಳ್ಳುವ, ಕಾಣೆಯಾದ ವಿವರ ಊಹಿಸುವ ಕೆಲಸಕ್ಕೆ ಸ್ಕೀಮಾ ಚೆನ್ನ. ಆದರೆ ಎರಡು ಸ್ಕೀಮಾ ಜಗಳವಾಡಿದಾಗ ಯಾವುದು ಗೆಲ್ಲಬೇಕು ಎಂಬುದಕ್ಕೆ ಗಟ್ಟಿಯಾದ ಅರ್ಥನಿಯಮ ಅದಕ್ಕಿಲ್ಲ, ಬರೆದ ಪ್ರೋಗ್ರಾಮರ್‌ನ ಕೈಚಳಕಕ್ಕೆ ಬಿಟ್ಟದ್ದು. ಸಲಹೆ ಕೊಡುವ ವ್ಯವಸ್ಥೆಗೆ ಇದೊಂದನ್ನೇ ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಹತ್ತಿರದ್ದು ಗೆಲ್ಲಲಿ

ವ್ಯಾಕರಣ ಓದಿದವರಿಗೆ ಇದು ಹೊಸದಲ್ಲ. ಉತ್ಸರ್ಗ (ಸಾಮಾನ್ಯ ನಿಯಮ), ಅಪವಾದ ಎಂಬ ಮಾತುಗಳೇ ಅಲ್ಲಿಂದ ಬಂದವು. ‘ಪೂರ್ವಪರನಿತ್ಯಾಂತರಂಗಾಪವಾದಾನಾಮುತ್ತರೋತ್ತರಂ ಬಲೀಯಃ’ ಎಂಬ ಪಾಣಿನೀಯರ ಪರಿಭಾಷೆ (ನಿಯಮಗಳನ್ನು ಬಳಸುವ ಬಗೆ ಹೇಳುವ ಸೂತ್ರ) ನಿಯಮಗಳ ಬಲಾಬಲವನ್ನು ಸಾಲಾಗಿ ಹೇಳಿ ಅಪವಾದವನ್ನು ಎಲ್ಲಕ್ಕಿಂತ ಮೇಲೆ ಕೂರಿಸುತ್ತದೆ. ಕನ್ನಡದ ಲೋಪಸಂಧಿಯನ್ನೇ ನೋಡಿ. ‘ಊರು’ ಮತ್ತು ‘ಅನ್ನು’ ಸೇರಿದರೆ ಊರನ್ನು, ಕೊನೆಯ ಸ್ವರ ಬಿತ್ತು. ‘ಗುರು’ ಮತ್ತು ‘ಅನ್ನು’ ಸೇರಿದರೆ ಗುರನ್ನು ಆಗದು, ಗುರುವನ್ನು. ಲೋಪ ಮಾಡಿದರೆ ಅರ್ಥ ಕೆಡುವ ಕಡೆ ವಕಾರ ಬಂದು ಕೂರುತ್ತದೆ. ಶಾಲೆಯಲ್ಲಿ ಇದನ್ನು ಕಲಿತ ಮಗು ಅಪವಾದದ ತರ್ಕವನ್ನೂ ಅಲ್ಲೇ ಕಲಿತಿರುತ್ತದೆ.

ಕಂಪ್ಯೂಟರಿನಲ್ಲಿ ಇದರ ರೂಪ ಏಣಿಯಲ್ಲಿ ಕೆಳಗಿರುವ ಮಾತಿಗೆ ಮನ್ನಣೆ ಕೊಡುವುದು. ಭತ್ತಕ್ಕೆ ‘ತಾಳದು’, ಕಗ್ಗಕ್ಕೆ ‘ತಾಳುತ್ತದೆ’, ಕಗ್ಗ ಹತ್ತಿರದ್ದು, ಅದೇ ಗೆದ್ದಿತು. ಕಂಪ್ಯೂಟರ್ ವಿಜ್ಞಾನಿ ಫಾಲ್ಮನ್ 1979ರಲ್ಲಿ ತಮ್ಮ ಜಾಲದಲ್ಲಿ ಮೇಲಿನ ಜಾತಿಯಿಂದ ಇಳಿದುಬರುವ ಗುಣವನ್ನು ರದ್ದುಮಾಡುವ ಗೆರೆಯನ್ನೇ ತಂದರು. ಆದರೆ ‘ಹತ್ತಿರ’ ಎಂದರೆ ಕಡಿಮೆ ಹೆಜ್ಜೆ ಎಂದು ಲೆಕ್ಕ ಹಾಕಬೇಡಿ. ಯಾರೋ ಅನುಕೂಲಕ್ಕೆಂದು ‘ಈ ಗದ್ದೆಯ ಪೈರು ಭತ್ತ’ ಎಂದು ನೇರ ಗೆರೆಯೊಂದನ್ನು ಎಳೆದರೆ, ಅದು ನಿಜವೇ ಆದರೂ, ಭತ್ತವೂ ಕಗ್ಗದಷ್ಟೇ ಹತ್ತಿರವಾಗಿ ಲೆಕ್ಕ ಕೆಡುತ್ತದೆ. ಟುರೆಟ್ಸ್ಕಿ 1986ರಲ್ಲಿ ಇದನ್ನು ಸರಿಪಡಿಸಿದ್ದು ಹೆಜ್ಜೆ ಎಣಿಸುವುದನ್ನು ಬಿಟ್ಟು, ಒಂದು ಜಾತಿಯಿಂದ ಇನ್ನೊಂದಕ್ಕೆ ಅದರ ಮೂಲಕವೇ ದಾರಿಯಿದೆಯೇ ಎಂದು ನೋಡುವ ಮೂಲಕ. ಈ ದಾರಿ ಹಿಡಿದರೆ ಆ ಕ್ರಮವನ್ನೇ ಹಿಡಿಯಿರಿ.

ಗೊತ್ತಿಲ್ಲದಾಗ ಇದು ಸಾಮಾನ್ಯ ನಿಯಮದ ಕಡೆಗೇ ವಾಲುತ್ತದೆ.

ಡಿಫಾಲ್ಟ್ ನಿಯಮ: ಮೂರು ಭಾಗದ ಗ್ರಾಫ್

ಡಿಫಾಲ್ಟ್ ಎಂದರೆ ಬೇರೆ ಹೇಳದಿದ್ದರೆ ಹೀಗೇ ಎಂದು ಹಿಡಿಯುವ ವಾಡಿಕೆ. ನಾವು ಹೆಚ್ಚು ಕಾಲ ಕಳೆದದ್ದು ಇಲ್ಲಿ. ರೇಮಂಡ್ ರೈಟರ್ 1980ರಲ್ಲಿ ಕೊಟ್ಟ ತರ್ಕದಲ್ಲಿ ನಿಯಮಕ್ಕೆ ಮೂರು ಭಾಗ: ಇದು ತಿಳಿದಿದ್ದರೆ, ಇದಕ್ಕೆ ಅಡ್ಡಿಯಿಲ್ಲದಿದ್ದರೆ, ಇದನ್ನು ತೀರ್ಮಾನಿಸು. ಮಧ್ಯದ ಭಾಗವೇ ಜೀವಾಳ. ಸಾಬೀತು ಬೇಡ, ವಿರೋಧ ಇಲ್ಲದಿದ್ದರೆ ಸಾಕು. 2009ರಲ್ಲಿ ಫ್ರಾನ್ಸಿನ ಸಂಶೋಧಕರು ಈ ಮೂರು ಭಾಗಗಳನ್ನು ಕಾನ್ಸೆಪ್ಚುವಲ್ ಗ್ರಾಫ್‌ಗಳಾಗಿ ಬರೆದು ಕೃಷಿಯ ಅನ್ವಯವೊಂದಕ್ಕೆ ಪ್ರಯೋಗಿಸಿದ್ದರು. ಅದನ್ನು ಓದಿದಾಗಲೇ ನಮಗೆ ಧೈರ್ಯ ಬಂದದ್ದು.

ಅಡಿಕೆಯ ಉದಾಹರಣೆ ತೆಗೆದುಕೊಳ್ಳೋಣ. ಕೊಳೆ ರೋಗಕ್ಕೆ ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ನಂತರ 40ರಿಂದ 45 ದಿನಕ್ಕೆ ಇನ್ನೊಮ್ಮೆ. ಕೊನೆಗೆ ಕೊಟ್ಟೆ ಕಟ್ಟಿದ್ದರೆ ಮದ್ದು ಬೇಡ.

ತಿಳಿದಿರಬೇಕಾದದ್ದು: [ಅಡಿಕೆ ಕೊನೆ: *x] → (ಕಾಲ) → [ಮಳೆಗಾಲದ ಮುಂಚೆ]
ಅಡ್ಡಿ: [ಅಡಿಕೆ ಕೊನೆ: ?x] → (ಹೊದಿಕೆ) → [ಕೊಟ್ಟೆ]
ತೀರ್ಮಾನ: [ಅಡಿಕೆ ಕೊನೆ: ?x] → (ಬೇಕಾದದ್ದು) → [ಬೋರ್ಡೋ ಸಿಂಪಡಣೆ]

ಮೊದಲ ಗ್ರಾಫ್ ಮಾಹಿತಿಯ ಮೇಲೆ ಕೂತು, ಎರಡನೆಯದು ಎಲ್ಲೂ ಕೂರದಿದ್ದರೆ, ಮೂರನೆಯದನ್ನು ಸೇರಿಸು. ಮುಂದೆ ಕೊಟ್ಟೆಯ ಸುದ್ದಿ ಬಂದರೆ ತೀರ್ಮಾನ ತಾನಾಗಿ ಬಿದ್ದುಹೋಗುತ್ತದೆ. ಹೊಸ ಅಪವಾದ ಸಿಕ್ಕರೆ ಇನ್ನೊಂದು ಅಡ್ಡಿಯ ಗ್ರಾಫ್ ಸೇರಿಸಿದರಾಯಿತು, ನಿಯಮದ ಉಳಿದ ಭಾಗ ಮುಟ್ಟುವುದೇ ಬೇಡ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರೊಬ್ಬರಿಗೆ ಈ ಮೂರು ಸಾಲನ್ನು ಕಾಗದದ ಮೇಲೆ ತೋರಿಸಿದಾಗ ಅವರು ಅಡ್ಡಿಯ ಸಾಲಿಗೆ ಬೆರಳಿಟ್ಟು, ‘ಕೊಟ್ಟೆ ಹರದಿದ್ರೆ?’ ಎಂದು ಕೇಳಿದರು. ಇಡೀ ನಿಯಮದಲ್ಲಿ ತಿದ್ದಬೇಕಾದ ಜಾಗ ಅದೊಂದೇ ಆಗಿತ್ತು. [ಕೊಟ್ಟೆ] ಎಂಬುದು [ಹರಿಯದ ಕೊಟ್ಟೆ] ಆಯಿತು. ತಿದ್ದುಪಡಿಗೆ ಸರಿಯಾದ ಜಾಗವನ್ನು ಬರಹವೇ ತೋರಿಸಿಕೊಡುವುದು ಈ ದಾರಿಯ ದೊಡ್ಡ ಗುಣ.

ಒಂದು ಸೂಕ್ಷ್ಮ ಮರೆಯಬೇಡಿ. ನಿಷೇಧವೇ ಇಲ್ಲದ ಸರಳ ಗ್ರಾಫ್‌ಗಳು ಒಂದಕ್ಕೊಂದು ಎಂದೂ ವಿರುದ್ಧವಾಗುವುದಿಲ್ಲ. ಹಾಗಾಗಿ ‘ವಿರೋಧ ಇಲ್ಲದಿದ್ದರೆ’ ಎಂದು ಮಾತ್ರ ಬರೆದರೆ ವಿರೋಧ ಎಂದೂ ಕಾಣದು, ನಿಯಮ ಎಲ್ಲ ಕಡೆ ಓಡುತ್ತದೆ. ಮೇಲೆ ಮಾಡಿದಂತೆ ಅಡ್ಡಿಯ ಗ್ರಾಫನ್ನೇ ಬರೆಯಬೇಕು, ಇಲ್ಲವೇ ‘ಇವೆರಡು ಒಟ್ಟಿಗೆ ಇರಕೂಡದು’ ಎಂಬ ನಿರ್ಬಂಧಗಳನ್ನು ಬೇರೆಯಾಗಿ ಕೊಡಬೇಕು.

ಗೊತ್ತಿಲ್ಲದಾಗ ಈ ದಾರಿ ‘ಮದ್ದು ಹೊಡೆ’ ಎನ್ನುತ್ತದೆ. ಕೊಟ್ಟೆ ಇದ್ದೂ ಮದ್ದು ಹೊಡೆದರೆ ಒಂದಿಷ್ಟು ಖರ್ಚು, ಒಂದು ದಿನದ ಕೂಲಿ. ಕೊಟ್ಟೆ ಇಲ್ಲದೆಯೂ ಹೊಡೆಯದಿದ್ದರೆ ಉದುರಿದ ಕಾಯಿ ತೋಟದ ತುಂಬ. ಎರಡನ್ನೂ ತೂಗಿ ನೋಡಿದರೆ ವಾಲಬೇಕಾದ ಕಡೆ ಇದೇ. ಇದೇ ತಕ್ಕಡಿಯಲ್ಲಿ ದೋಣಿಯ ನಿಯಮವನ್ನು ಇಟ್ಟು ನೋಡಿ. ನಿಷೇಧದ ಸಾಮಾನ್ಯ ನಿಯಮಕ್ಕೆ ವಿನಾಯಿತಿಯನ್ನು ಅಡ್ಡಿಯಾಗಿ ಬರೆದರೆ, ವಿವರವಿಲ್ಲದ ದೋಣಿಗೆ ‘ಹೋಗಬಾರದು’ ಎನ್ನುತ್ತದೆ, ಅದೂ ನಡೆಯುತ್ತದೆ. ತಿರುಗುಮುರುಗಾಗಿ ‘ದೋಣಿ ಹೋಗಬಹುದು’ ಎಂಬುದನ್ನು ವಾಡಿಕೆ ಮಾಡಿ, ನಿಷೇಧವನ್ನು ಅಡ್ಡಿ ಮಾಡಿದರೆ, ದಾಖಲೆ ತುಂಬದ ಪ್ರತಿ ಟ್ರಾಲ್ ಬೋಟಿಗೂ ಜೂನ್ ತಿಂಗಳ ಕಡಲಿಗೆ ಪರವಾನಗಿ ಕೊಟ್ಟಂತೆ. ತರ್ಕ ಒಂದೇ, ವಾಡಿಕೆ ಯಾವುದು ಎಂದು ಆರಿಸಿದ್ದು ಮಾತ್ರ ಬೇರೆ.

ಮೆಕಾರ್ಥಿ ಅವರ ಸರ್ಕಮ್‌ಸ್ಕ್ರಿಪ್ಶನ್ ಕೂಡ 1980ರದ್ದೇ. ಅದರ ನಂತರದ ರೂಪ ‘ಅಸಹಜ’ ಎಂಬ ಗುರುತನ್ನು ನಿಯಮಕ್ಕೆ ಅಂಟಿಸಿ, ಅಸಹಜವಾದವುಗಳನ್ನು ಆದಷ್ಟು ಕಡಿಮೆ ಎಂದು ಭಾವಿಸುತ್ತದೆ. ಗಣಿತ ಸೊಗಸಾಗಿದೆ. ಆದರೆ ತೋಟದವರ ಮುಂದೆ ‘ಅಸಹಜ ಕೊನೆ’ ಎಂದು ಬರೆದ ಚೌಕ ಇಟ್ಟರೆ ಏನು ಅಸಹಜ ಎಂಬ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ. ನಾವು ಅದನ್ನು ಮುಂದುವರಿಸಲಿಲ್ಲ.

ಎರಡು ನಿಯಮ ಡಿಕ್ಕಿಯಾದಾಗ

ಜುಲೈ ನಡುವೆ ಕೊಳೆ ಕಾಣಿಸಿಕೊಂಡಿತು. ಒಂದು ನಿಯಮ: ಕೊಳೆ ಬಿದ್ದರೆ ತಡಮಾಡದೆ ಹೊಡೆ. ಇನ್ನೊಂದು: ಮಳೆ ಸುರಿಯುವಾಗ ಹೊಡೆಯಬೇಡ, ದ್ರಾವಣ ತೊಳೆದುಹೋಗುತ್ತದೆ. ಎರಡೂ ವಾಡಿಕೆ, ಯಾವುದೂ ಇನ್ನೊಂದಕ್ಕಿಂತ ಹತ್ತಿರದ್ದಲ್ಲ. ಅಮೆರಿಕದ ಪಠ್ಯಗಳಲ್ಲಿ ಅಧ್ಯಕ್ಷರಾಗಿದ್ದ ನಿಕ್ಸನ್ ಅವರ ಉದಾಹರಣೆ ಕೊಡುತ್ತಾರೆ: ಕ್ವೇಕರ್ ಪಂಥದವರು ಶಾಂತಿವಾದಿಗಳು, ರಿಪಬ್ಲಿಕನ್ನರು ಅಲ್ಲ, ನಿಕ್ಸನ್ ಎರಡೂ ಹೌದು. ನಮಗೆ ಮಳೆಗಾಲದ ಶಿರಸಿಯೇ ಸಾಕು.

ರೈಟರ್ ತರ್ಕದಲ್ಲಿ ಇಂಥ ಕಡೆ ಎರಡು ಬೇರೆ ಬೇರೆ ಒಪ್ಪಿತ ಚಿತ್ರಗಳು ಹುಟ್ಟುತ್ತವೆ, ಪ್ರತಿಯೊಂದೂ ತನ್ನೊಳಗೆ ಸರಿ. ಯಾವುದೋ ಒಂದನ್ನು ಹಿಡಿದು ಉತ್ತರಿಸಬಹುದು, ಇಲ್ಲವೇ ಎರಡರಲ್ಲೂ ಇರುವಷ್ಟನ್ನು ಮಾತ್ರ ಹೇಳಬಹುದು. ನಾವು ಎರಡನ್ನೂ ಬಿಟ್ಟು, ಎರಡು ಚಿತ್ರಗಳನ್ನೂ ಪಕ್ಕಪಕ್ಕ ತೋರಿಸುತ್ತೇವೆ: ಹೊಡೆಯಬೇಕು ಎನ್ನಲು ಈ ಕಾರಣ, ಬೇಡ ಎನ್ನಲು ಈ ಕಾರಣ. ಹೊಳವು (ಮಳೆಯ ನಡುವಿನ ಬಿಡುವು) ಯಾವಾಗ ಬಿದ್ದೀತು ಎಂದು ಆಕಾಶ ನೋಡಿ ಹೇಳುವವರು ತೋಟದಲ್ಲೇ ಇದ್ದಾರೆ, ಅವರು ತೀರ್ಮಾನಿಸಲಿ. ತೀರ್ಮಾನಕ್ಕೇ ವಿರೋಧ ಇಲ್ಲದಿದ್ದರೆ ಸಾಕು ಎನ್ನುವ ಸರಳ ಡಿಫಾಲ್ಟ್‌ಗಳಿಗೆ ಇಂಥ ಚಿತ್ರ ಕನಿಷ್ಠ ಒಂದಾದರೂ ಇದ್ದೇ ಇರುತ್ತದೆ ಎಂದು ರೈಟರ್ ತೋರಿಸಿದ್ದಾರೆ. ನಮ್ಮ ಹಾಗೆ ಅಡ್ಡಿಯನ್ನು ಬೇರೆಯಾಗಿ ಬರೆದರೆ ಒಂದೂ ಇಲ್ಲದೆ ಹೋಗುವ ಸಾಧ್ಯತೆಯಿದೆ. ಒಂದು ನಿಯಮ ತನ್ನ ಅಡ್ಡಿಯನ್ನು ತಾನೇ ಹುಟ್ಟಿಸುತ್ತಿದೆಯೇ, ಇಲ್ಲವೇ ಮೂರು ನಿಯಮಗಳು ಒಂದರ ಅಡ್ಡಿಯನ್ನು ಇನ್ನೊಂದು ಹುಟ್ಟಿಸುತ್ತ ಸುತ್ತು ಹೊಡೆಯುತ್ತಿವೆಯೇ ಎಂದು ಮೊದಲೇ ಪರೀಕ್ಷಿಸಿ.

ತಪ್ಪು ಆದಲ್ಲಿ ತೇಪೆ: ರಿಪಲ್ ಡೌನ್

ಸಿಡ್ನಿಯ ಗಾರ್ವನ್ ಸಂಸ್ಥೆಯಲ್ಲಿ ಥೈರಾಯ್ಡ್ ವರದಿಗಳನ್ನು ಓದುವ ವ್ಯವಸ್ಥೆಯನ್ನು ನಿರ್ವಹಿಸುತ್ತಿದ್ದ ಪಾಲ್ ಕಾಂಪ್ಟನ್ ಕಂಡುಕೊಂಡದ್ದು ಸರಳ ಸತ್ಯ. ತಜ್ಞರು ನಿಯಮವನ್ನು ಸುಮ್ಮನೆ ಕೂತು ಹೇಳುವುದಿಲ್ಲ. ತಪ್ಪು ಉತ್ತರ ಕಂಡಾಗ ‘ಇದು ಹಾಗಲ್ಲ, ಏಕೆಂದರೆ’ ಎಂದು ಶುರುಮಾಡುತ್ತಾರೆ. ಹಾಗಾಗಿ ತಪ್ಪು ಉತ್ತರ ಕೊಟ್ಟ ನಿಯಮಕ್ಕೇ ಅಪವಾದವನ್ನು ಕಟ್ಟಿ, ಯಾವ ಪ್ರಕರಣದಿಂದ ಅದು ಬಂತೋ ಆ ಪ್ರಕರಣವನ್ನೂ ಜೊತೆಗಿಡುವುದು. ಅಪವಾದಕ್ಕೆ ಅಪವಾದ, ಅದಕ್ಕೆ ಇನ್ನೊಂದು, ಹೀಗೆ ಇಳಿಯುತ್ತ ಹೋಗುತ್ತದೆ. ಹೊಸ ಅಪವಾದ ಹಳೆಯ ಪ್ರಕರಣವನ್ನು ಕೆಡಿಸುತ್ತದೆಯೇ ಎಂದು ಆಗಲೇ ತಿಳಿಯುತ್ತದೆ.

ಗಜನಿಯ ಆ ಹೆಂಗಸು ಬೆರಳದ್ದಿ ಹೇಳಿದ ಮಾತನ್ನು ನಾವು ಕೊನೆಗೂ ಸರಿಯಾಗಿ ಬರೆಯಲು ಆದದ್ದು ಹೀಗೆ. ಭತ್ತ ಉಪ್ಪಿಗೆ ತಾಳದು, ಕಗ್ಗವಾದರೆ ತಾಳುತ್ತದೆ, ಮಳೆ ಕಡಿಮೆಯಾಗಿ ಉಪ್ಪು ಇಳಿಯದಿದ್ದರೆ ಕಗ್ಗಕ್ಕೂ ಅಪಾಯ. ಮೂರು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಒಂದು ಗದ್ದೆಯ ಕಥೆ. ಪ್ರತಿ ಷರತ್ತು ಒಂದು ಸಣ್ಣ ಗ್ರಾಫ್, ಒಳಗಿನ ಕೆಲಸ ಪ್ರೊಜೆಕ್ಷನ್ನೇ. ತಜ್ಞರು ಹತ್ತಿರವಿದ್ದು, ತಿಳಿವಳಿಕೆ ನಿಧಾನವಾಗಿ ಬೆಳೆಯುವ ಕಡೆ ನಾನು ಮೊದಲು ಶಿಫಾರಸು ಮಾಡುವುದು ಇದನ್ನೇ. ಕೊರತೆಯೂ ಇದೆ: ಒಂದೇ ಅಪವಾದ ಹಲವು ನಿಯಮಗಳಿಗೆ ಹೊಂದುವಂತಿದ್ದರೆ ಹಲವು ಕಡೆ ಬರೆಯಬೇಕು. ಕಗ್ಗದ ಉಪ್ಪಿನ ಮಾತು ನಮ್ಮಲ್ಲಿ ನಾಲ್ಕು ಕಡೆ ಇತ್ತು.

ಹೊತ್ತು ಮತ್ತು ಸಲಕರಣೆ

ಸರಳ ಗ್ರಾಫ್‌ಗಳ ಪ್ರೊಜೆಕ್ಷನ್ ಎನ್‌ಪಿ-ಸಂಪೂರ್ಣ ಸಮಸ್ಯೆ, ಅಂದರೆ ಗ್ರಾಫ್ ದೊಡ್ಡದಾದಂತೆ ಬೇಕಾಗುವ ಹೊತ್ತು ವಿಪರೀತ ಏರಬಹುದು. ಆದರೆ ಪ್ರಶ್ನೆಯ ಗ್ರಾಫ್ ಮರದಂತೆ ಕವಲೊಡೆಯುವಂತಿದ್ದರೆ, ಸುತ್ತು ಇಲ್ಲದಿದ್ದರೆ, ಬೇಗ ಮುಗಿಯುತ್ತದೆ. ನಮ್ಮ ಪ್ರಶ್ನೆಗಳು ಬಹುಪಾಲು ಹಾಗೇ ಇದ್ದವು. ನಿಷೇಧದ ಸುತ್ತುಗಳನ್ನು ಬೇಕಾದಂತೆ ಬಳಸಿದರೆ ಪೂರ್ಣ ಪ್ರಥಮ ಶ್ರೇಣಿಯ ತರ್ಕ, ಎಂದಾದರೂ ಮುಗಿಯುತ್ತದೆಂಬ ಭರವಸೆ ಇಲ್ಲ. ಗ್ರಾಫ್‌ಗಳನ್ನು ಬೇರೆಯವರೊಂದಿಗೆ ಹಂಚಿಕೊಳ್ಳಲು 2007ರ ಐಎಸ್‌ಒ 24707, ಕಾಮನ್ ಲಾಜಿಕ್ ಮಾನದಂಡದಲ್ಲಿ ಒಂದು ಲಿಪಿ ಇದೆ, ಆದರೆ ಅದು ಹಳೆಯ ತರ್ಕದ್ದು, ಡಿಫಾಲ್ಟ್‌ಗೆ ಅಲ್ಲಿ ಜಾಗವಿಲ್ಲ. ಓಡಬಲ್ಲದೇನಾದರೂ ಬೇಗ ಬೇಕೆಂದರೆ ಅಪವಾದದ ಭಾಗವನ್ನು ಇಂಥ ನಿಯಮಗಳನ್ನೇ ಬರೆದು ಓಡಿಸುವ ಆನ್ಸರ್ ಸೆಟ್ ಪ್ರೋಗ್ರಾಮಿಂಗ್‌ಗೆ ಇಳಿಸಿ, ಗ್ರಾಫನ್ನು ಮುಖವಾಗಿ ಮಾತ್ರ ಇಟ್ಟುಕೊಳ್ಳಿ. ಅಲ್ಲಿ ‘ಇಲ್ಲ ಎಂದು ಗೊತ್ತು’ ಮತ್ತು ‘ಇದೆ ಎಂದು ಗೊತ್ತಿಲ್ಲ’ ಎರಡಕ್ಕೂ ಬೇರೆ ಬೇರೆ ನಿಷೇಧವಿದೆ. ಆ ವ್ಯತ್ಯಾಸ ಇರದ ಭಾಷೆಯಲ್ಲಿ ಅಪವಾದ ಬರೆಯಲು ಹೋಗಬೇಡಿ.

ಈಗ ನಮ್ಮಲ್ಲಿ ಯಾವುದು ಎಲ್ಲಿದೆ

ತಳಿಗಳು ಏಣಿಯಲ್ಲಿವೆ. ದೋಣಿಯ ಕಾನೂನು ನಿಷೇಧದ ಚೌಕದಲ್ಲಿದೆ, ಪ್ರತಿ ನಿಯಮದ ಪಕ್ಕ ಆದೇಶದ ದಿನಾಂಕದೊಂದಿಗೆ, ಮುಂದಿನ ಆದೇಶ ಬಂದಾಗ ಹಳೆಯದನ್ನು ಹುಡುಕಿ ತೆಗೆಯಲು ಸುಲಭವಾಗಲೆಂದು. ಮದ್ದಿನ ಸಲಹೆ ಡಿಫಾಲ್ಟ್ ನಿಯಮವಾಗಿದೆ. ಗಜನಿ ರಿಪಲ್ ಡೌನ್‌ನಲ್ಲಿದೆ. ನಾಲ್ಕು ಕಡೆ ನಾಲ್ಕು ದಾರಿ ಎಂದರೆ ಅಚ್ಚುಕಟ್ಟಿಲ್ಲ ಎನ್ನುವವರಿದ್ದಾರೆ. ಒಂದೇ ದಾರಿಗೆ ಎಲ್ಲವನ್ನೂ ಒಗ್ಗಿಸಲು ನಾವೂ ಒಂದು ಮಳೆಗಾಲ ಕಳೆದೆವು, ನಷ್ಟವಾದದ್ದು ಆ ಮಳೆಗಾಲ.

ನೀವು ಆರಿಸುವ ಮುಂಚೆ ನಿಮ್ಮ ವಿಷಯದ ಮೂರು ಪ್ರಕರಣ ಬರೆದಿಟ್ಟುಕೊಳ್ಳಿ: ಅಪವಾದ ಇದೆ ಎಂದು ಗೊತ್ತಿರುವುದು ಒಂದು, ಇಲ್ಲ ಎಂದು ಗೊತ್ತಿರುವುದು ಒಂದು, ಏನೂ ಗೊತ್ತಿಲ್ಲದ್ದು ಒಂದು. ಪ್ರತಿ ದಾರಿಯಲ್ಲೂ ಮೂರನ್ನೂ ಕೈಯಲ್ಲೇ ಬಿಡಿಸಿ ನೋಡಿ. ಮೊದಲೆರಡಕ್ಕೆ ಎಲ್ಲ ದಾರಿಗಳೂ ಬಹುತೇಕ ಒಂದೇ ಉತ್ತರ ಕೊಡುತ್ತವೆ. ಮೂರನೆಯದರ ಉತ್ತರವನ್ನು ಆ ಕೆಲಸ ಮಾಡುವವರಿಗೆ, ತೋಟದಲ್ಲೋ ಬಂದರಿನಲ್ಲೋ ಒಡ್ಡಿನ ಮೇಲೋ, ಓದಿ ಹೇಳಿ. ಅವರು ತಲೆಯಾಡಿಸಿದ ದಾರಿಯಲ್ಲಿ ಮುಂದಿನ ಗ್ರಾಫ್ ಬರೆಯಿರಿ.